ಗುಲಾಬಿ ಬಾಕ್ಸಿನ ಬಾಡಿಗೆ ಯಾರ ತಲೆಗೆ?

(ದೇವನಹಳ್ಳಿ ತಾಲೂಕಿನ ರೈತರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ತಲೆ ಮೇಲೆ ಹಗಲು ರಾತ್ರಿ ವಿಮಾನ ಹಾರುತ್ತವೆ. 2008ರ ಮೇ ತಿಂಗಳಲ್ಲಿ ಈ ನಿಲ್ದಾಣ ಶುರುವಾದಾಗ, ಇನ್ನು ನಿಮ್ಮ ಹೂವು ತರಕಾರಿ ನೆಟ್ಟಗೆ ಪರದೇಶಕ್ಕೆ ಹೋಗುತ್ತದೆ ಅಂದರು. ಹೋಗಿದೆ, ಇಲ್ಲ ಅನ್ನೋದಿಲ್ಲ. ಸುಳ್ಳು ಹೇಳಿ ಚಪ್ಪಾಳೆ ತಗೊಳ್ಳೋ ಚಟ ನನಗಿಲ್ಲ. 2016ರಲ್ಲಿ ಬೇಗ ಕೆಡುವ ಮಾಲಿಗೆ ಅಂತಲೇ ವರ್ಷಕ್ಕೆ 40,000 ಟನ್ ಹಿಡಿಯುವ ಶೀತಲ ಕೇಂದ್ರ ಕಟ್ಟಿದರು. 2024-25ರಲ್ಲಿ ಈ ನಿಲ್ದಾಣ ಸಾಗಿಸಿದ ಸರಕು 5 ಲಕ್ಷ ಟನ್ ದಾಟಿತು. 2025ರಲ್ಲಿ ಒಳದೇಶದ ಸರಕಿಗೆ ಹೊಸ ಟರ್ಮಿನಲ್ಲೂ ಬಂತು. ಬೇಡಿಕೆ ಬೆಳೆದಂತೆ ಇನ್ನೂ ಕಟ್ಟುತ್ತಾರೆ. ಕಟ್ಟಲಿ. ಆದರೆ ನಕ್ಷೆ ಬರೆಯುವವರು ನಿಲ್ದಾಣದ ಗೇಟಿನಿಂದ ಒಳಕ್ಕೆ ಬರೀತಾರೆ. ನಮ್ಮ ಹೂವು ಸಾಯೋದು ಗೇಟಿನ ಹೊರಗೆ.

ಒಂದು ಫೆಬ್ರವರಿ ನನಗೆ ಆದದ್ದು ಹೇಳ್ತೀನಿ. ಸಾಲ ಮಾಡಿ ಪಾಲಿಹೌಸ್ ಹಾಕಿದ್ದೆ. ಬೆಳಗಿನ ಜಾವ ಕೊಯ್ದ ಗುಲಾಬಿಯನ್ನು ಬಾಡಿಗೆ ವ್ಯಾನಿನಲ್ಲಿ, ಬಿಸಿಲಲ್ಲೇ ಕಳಿಸಿದೆ. ಗುಲಾಬಿಗೆ ಎರಡರಿಂದ ನಾಲ್ಕು ಡಿಗ್ರಿ ತಂಪು ಬೇಕು. ನಮ್ಮ ಹೋಬಳಿಯಲ್ಲಿ ಅಂಥ ಕೋಣೆ ಒಂದೂ ಇರಲಿಲ್ಲ. ಅವತ್ತಿನ ವಿಮಾನದಲ್ಲಿ ಜಾಗ ಸಿಗಲಿಲ್ಲ, ಮಾಲು ಮಾರನೇ ದಿನ ಹೋಯಿತು. ಆ ಕಡೆ ಬಾಕ್ಸು ಬಿಚ್ಚಿದಾಗ ಹೂವಿನ ಕತ್ತು ಬಗ್ಗಿತ್ತು. ಏಜೆಂಟ್ ಬಾಡಿಗೆ, ಕಮಿಷನ್, ಹಾಳಾದ ಮಾಲಿನ ಲೆಕ್ಕ ಎಲ್ಲಾ ಮುರಿದುಕೊಂಡು ಕಳಿಸಿದ ಹಣ ಕೊಯ್ಲಿನ ಕೂಲಿಗೂ ಸಾಲಲಿಲ್ಲ. ಬ್ಯಾಂಕಿನ ಕಂತು ಮಾತ್ರ ಒಂದು ದಿನವೂ ಬಾಡಲಿಲ್ಲ, ಸ್ವಾಮಿ.

ಬಾಡಿಗೆಯ ಲೆಕ್ಕ ಕೇಳಿ. ಬಾಕ್ಸಿನ ಉದ್ದ, ಅಗಲ, ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 6,000ದಿಂದ ಭಾಗಿಸುತ್ತಾರೆ. ಬಂದದ್ದು ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದೇ ತೂಕ. 100 ಉದ್ದ, 50 ಅಗಲ, 30 ಎತ್ತರದ ಬಾಕ್ಸು 25 ಕೆ.ಜಿ. ಆಗುತ್ತೆ. ತಕ್ಕಡಿಯಲ್ಲಿ 15 ಕೆ.ಜಿ. ತೂಗಿದರೂ ಬಾಡಿಗೆ 25ಕ್ಕೇ. ಮಂಡಿಯಲ್ಲಿ ತೂಕದಲ್ಲಿ ಹೊಡೀತಾರೆ ಅಂತ ಜಗಳ ಆಡ್ತೀವಲ್ಲ, ಇಲ್ಲಿ ನಮ್ಮ ಗಾಳಿಯನ್ನೂ ತೂಗ್ತಾರೆ! ಜಗತ್ತಿಗೆಲ್ಲಾ ಇದೇ ನಿಯಮ, ಮೋಸ ಅಲ್ಲ. ಆದರೆ ಯಾವ ಅಳತೆಯ ಬಾಕ್ಸು ತುಂಬಿದರೆ ಉಳಿತಾಯ ಅಂತ ನಮಗೆ ಯಾರೂ ಹೇಳಿಕೊಡಲಿಲ್ಲ.

ಇನ್ನೊಂದು ಮಾತು. ಬಹಳಷ್ಟು ಸರಕು ಹೋಗೋದು ಬೇರೆ ವಿಮಾನದಲ್ಲಲ್ಲ, ಜನ ಕೂರುವ ವಿಮಾನದ ಹೊಟ್ಟೆಯಲ್ಲಿ. 2020ರ ಮಾರ್ಚಿನಲ್ಲಿ ಪರದೇಶದ ಪ್ರಯಾಣಿಕ ವಿಮಾನ ನಿಂತವು, ಆ ಹೊಟ್ಟೆಯೂ ಹೋಯಿತು. ಇತ್ತ ಮದುವೆ, ಜಾತ್ರೆ, ಮಾರುಕಟ್ಟೆ ಕೂಡ ಬಂದ್. ಹೂವನ್ನು ತಿಪ್ಪೆಗೆ ಸುರಿದದ್ದು ನೀವೇ ಕಂಡಿದ್ದೀರಿ. ಗೋಡೌನ್ ಎಷ್ಟು ದೊಡ್ಡದಿದ್ದರೇನು?

ಅದಕ್ಕೇ ನಾವು ಕೇಳೋದು: ಹೊಸ ಯೋಜನೆಯ ಮೊದಲ ಕಾಸು ಹೋಬಳಿಯ ತಂಪು ಕೋಣೆಗೆ, ತಂಪು ಲಾರಿಗೆ ಹೋಗಲಿ. ಸಣ್ಣ ರೈತರು ಹತ್ತು ಜನ ಸೇರಿ ತಂದ ಮಾಲಿಗೂ ವಿಮಾನದಲ್ಲಿ ಜಾಗ ಕಾದಿಡಲಿ. ದರ ಕನ್ನಡದಲ್ಲಿ ಬೋರ್ಡಿಗೆ ಹಾಕಲಿ. ಭೂಮಿಯ ಮಾತು ಬಂದರೆ, ಚನ್ನರಾಯಪಟ್ಟಣ ಹೋಬಳಿಯವರು 2022ರಿಂದ ಧರಣಿ ಕೂತು, 1,777 ಎಕರೆಯ ಸ್ವಾಧೀನವನ್ನು 2025ರ ಜುಲೈನಲ್ಲಿ ಸರ್ಕಾರ ಕೈಬಿಡುವಂತೆ ಮಾಡಿದ್ದು ಎಲ್ಲರಿಗೂ ಗೊತ್ತಿದೆ. ಹೂವು ಸಾಗಿಸೋಕೆ ಅಂತ ಹೂವಿನ ತೋಟವನ್ನೇ ಕೇಳಬೇಡಿ.

ಮುಂದಿನ ಸಭೆಗೆ ಬರುವಾಗ ಏಜೆಂಟರು ಕೊಟ್ಟ ಬಿಲ್ಲು ತನ್ನಿ. ಹರಿದಿದ್ದರೂ ಸರಿ. ತೂಕ ಎಷ್ಟು, ಬಾಡಿಗೆ ಎಷ್ಟು, ಮುರಿದದ್ದೆಷ್ಟು, ಒಟ್ಟಿಗೆ ಕೂತು ಬರೆಯೋಣ. ಆ ಕಾಗದ ಹಿಡಿದೇ ನಿಲ್ದಾಣದವರ ಹತ್ತಿರ ಹೋಗೋದು.