ಓದೂ ಆಟವೂ: ಸೊಲ್ಲಾಪುರದ ಪಾಲಿ ಉಮ್ರಿಗರ್

(ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ಓದಿನ ಮಾತು ಬೇಕಾದಷ್ಟು ಆಗಿದೆ. ನಾವು ಆಟದ ಮಾತಾಡಲು ನಿಂತಿದ್ದೇವೆ. ನಾವು ಶಿಕ್ಷಕರಾಗಿದ್ದಾಗ ಅಕ್ಕಲಕೋಟೆಯ ಕಡೆಯ ಹಳ್ಳಿಗಳಿಂದ ಬರುತ್ತಿದ್ದ ಪಾಲಕರು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಗುರುಗಳೇ, ಹುಡುಗ ಯಾವಾಗಲೂ ಮೈದಾನದಾಗ ಇರ್ತಾನ, ಹತ್ತನೇ ಹ್ಯಾಂಗ ಪಾಸ್ ಆಗ್ತಾನ್ರಿ?"

ಉತ್ತರ ಹೇಳಬಲ್ಲವರೊಬ್ಬರು ಇದೇ ಊರಿನಲ್ಲಿ ಬೆಳೆದಿದ್ದರು. 1926ರ ಮಾರ್ಚ್ 28ರಂದು ಸೊಲ್ಲಾಪುರದ ಪಾರಸಿ ಮನೆತನವೊಂದರಲ್ಲಿ ಜನಿಸಿದ ಪಹ್ಲನ್ ರತನ್‌ಜಿ ಉಮ್ರಿಗರ್ ಅವರನ್ನು ಕ್ರಿಕೆಟ್ ಲೋಕ ಪಾಲಿ ಎಂದೇ ಬಲ್ಲದು. ಕನ್ನಡಿಗರಲ್ಲ, ನಿಜ. ಆದರೆ ಅವರು ಬಾಲ್ಯದಲ್ಲಿ ಓಡಾಡಿದ್ದು ನಮ್ಮ ಮಕ್ಕಳು ಓಡಾಡುವ ಮಣ್ಣಿನಲ್ಲಿಯೇ. ತಂದೆಯವರದು ಬಟ್ಟೆಯ ಉದ್ಯಮ. ಶಾಲಾದಿನಗಳಲ್ಲಿಯೇ ಕುಟುಂಬ ಮುಂಬಯಿಗೆ ಹೋಯಿತು.

ಅಲ್ಲಿ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಓದಿ ವಿಜ್ಞಾನ ಪದವಿ ಪಡೆದರು. ಮುಂಬಯಿ ವಿಶ್ವವಿದ್ಯಾಲಯದ ತಂಡದ ನಾಯಕರೂ ಆದರು. 1948ರಲ್ಲಿ ವೆಸ್ಟ್ ಇಂಡೀಸ್ ತಂಡ ಬಂದಾಗ ವಿಶ್ವವಿದ್ಯಾಲಯಗಳ ಸಂಯುಕ್ತ ತಂಡದ ಪರ ಔಟಾಗದೆ 115 ರನ್ ಹೊಡೆದರು. ಆ ಡಿಸೆಂಬರಿನಲ್ಲಿಯೇ ಟೆಸ್ಟ್ ಆಡಿದರು. ರಾಷ್ಟ್ರತಂಡದ ಬಾಗಿಲು ಅವರಿಗೆ ತೆರೆದದ್ದು ವಿದ್ಯಾರ್ಥಿಗಳ ತಂಡದಿಂದಲೇ ಎಂಬುದನ್ನು ಪಾಲಕರು ಗಮನಿಸಬೇಕು.

ಸೋಲನ್ನೂ ಕಂಡರು. 1952ರ ಇಂಗ್ಲೆಂಡ್ ಟೆಸ್ಟ್‌ಗಳ ಏಳು ಇನ್ನಿಂಗ್ಸ್‌ಗಳಲ್ಲಿ ಗಳಿಸಿದ್ದು ಕೇವಲ 43 ರನ್. ಮೂರು ವರ್ಷಗಳ ಬಳಿಕ ಹೈದರಾಬಾದಿನಲ್ಲಿ 223 ರನ್ ಬಾರಿಸಿ, ಟೆಸ್ಟ್‌ನಲ್ಲಿ ದ್ವಿಶತಕ ಗಳಿಸಿದ ಮೊದಲ ಭಾರತೀಯರಾದರು. 1962ರಲ್ಲಿ ನಿವೃತ್ತರಾದಾಗ 59 ಟೆಸ್ಟ್, 3631 ರನ್, 12 ಶತಕ. ಮೂರೂ ಅಂದಿನ ಭಾರತೀಯ ದಾಖಲೆಗಳು.

ಅವರ ಆ ಕೊನೆಯ ವೆಸ್ಟ್ ಇಂಡೀಸ್ ಪ್ರವಾಸದ ತಂಡದಲ್ಲಿ 21 ವರ್ಷದ ಕನ್ನಡದ ಹುಡುಗನೊಬ್ಬನಿದ್ದ. ಎರಪಳ್ಳಿ ಪ್ರಸನ್ನ. ಮರಳಿ ಬಂದು ಆತ ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಜಿನಿಯರಿಂಗ್‌ನಲ್ಲಿ ಓದು ಪೂರ್ಣಗೊಳಿಸಿದ. ಮುಂದಿನ ಟೆಸ್ಟ್ ಆಡಿದ್ದು 1967ರಲ್ಲಿ! ಐದು ವರ್ಷ ಹೋದವೆಂದು ನಾವು ಮರುಗುತ್ತೇವೆ. ಅವರ ಲೆಕ್ಕದ ಪುಸ್ತಕ ಹಾಗೆ ಹೇಳುವುದಿಲ್ಲ. 49 ಟೆಸ್ಟ್‌ಗಳಲ್ಲಿ 189 ವಿಕೆಟ್. 1973–74ರಲ್ಲಿ ಹದಿನೈದು ವರ್ಷಗಳ ಮುಂಬಯಿಯ ರಣಜಿ ಆಳ್ವಿಕೆಯನ್ನು ಮುಗಿಸಿದ ಕರ್ನಾಟಕದ ನಾಯಕತ್ವ.

ಉಮ್ರಿಗರ್ ಬ್ಯಾಟು ಕೆಳಗಿಟ್ಟ ಮೇಲೆ ತಂಡದ ಮ್ಯಾನೇಜರ್, ಆಯ್ಕೆ ಸಮಿತಿಯ ಅಧ್ಯಕ್ಷ, ಕ್ರಿಕೆಟ್ ಮಂಡಳಿಯ ಕಾರ್ಯನಿರ್ವಾಹಕ ಕಾರ್ಯದರ್ಶಿಯಾಗಿ ದುಡಿದರು. ವಾಂಖೇಡೆ ಮೈದಾನದ ಪಿಚ್ಚನ್ನೂ ನೋಡಿಕೊಂಡರು. ಆ ಕೊನೆಯ ಕೆಲಸವೇ ನಮಗೆ ಹೆಚ್ಚು ಪ್ರಿಯ. 2006ರಲ್ಲಿ ತೀರಿಕೊಂಡರು.

ಪ್ರತಿ ಹುಡುಗನೂ ಉಮ್ರಿಗರ್ ಆಗಲಾರ, ಬಲ್ಲೆವು. ಆದರೂ ಒಂದು ತಪ್ಪೊಪ್ಪಿಗೆ. ಹತ್ತನೆಯ ತರಗತಿಯ ಆಟದ ತಾಸನ್ನು ಗಣಿತಕ್ಕೆ ಕಸಿದುಕೊಂಡವರಲ್ಲಿ ನಾವೂ ಇದ್ದೆವು. ಚೆಂಡಾಟದಲ್ಲಿ ಬಲು ಚುರುಕಾಗಿದ್ದ ಹುಡುಗನೊಬ್ಬ ಆ ತಾಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತ ಕುಳಿತಿರುತ್ತಿದ್ದ. ಅವನ ಗಣಿತದ ಅಂಕವೇನೂ ಏರಲಿಲ್ಲ, ಆಟವನ್ನಂತೂ ಬಿಟ್ಟೇಬಿಟ್ಟ. ಇಂದು ಇಲ್ಲಿ ಕುಳಿತಿರುವ ಮುಖ್ಯಾಧ್ಯಾಪಕರಲ್ಲಿ ನಮ್ಮದೊಂದೇ ಬೇಡಿಕೆ: ಬರುವ ವರ್ಷದ ವೇಳಾಪಟ್ಟಿಯಲ್ಲಿ ಆ ತಾಸನ್ನು ಮಕ್ಕಳಿಗೆ ಮರಳಿ ಕೊಡಿರಿ.