ಸಿಂಗಪುರದಲ್ಲಿ ಸೆರೆಯಾದ ತಾತನನ್ನು ಹುಡುಕೋದು ಹೇಗೆ?

ಸಿಂಗಪುರಕ್ಕೆ ಟೂರ್ ಹೋದ ನಮ್ಮವರು ಮುಸ್ತಫಾ ಸೆಂಟರ್ ನೋಡದೆ ವಾಪಸ್ ಬರೋದು ಕಡಿಮೆ. ಚಾಕೊಲೇಟು, ಸೆಂಟು ಎಲ್ಲಾ ತಗೊಂಡು, ಪಕ್ಕದಲ್ಲೇ ಇರೋ ಫ್ಯಾರರ್ ಪಾರ್ಕ್ ಮೆಟ್ರೋ ಸ್ಟೇಷನ್‌ನಲ್ಲಿ ರೈಲು ಹತ್ತುತ್ತಾರೆ. ಅದೇ ಫ್ಯಾರರ್ ಪಾರ್ಕಿನ ಮೈದಾನದಲ್ಲಿ 1942ರ ಫೆಬ್ರವರಿ 17ರಂದು ಸುಮಾರು 40 ಸಾವಿರ ಭಾರತೀಯ ಸೈನಿಕರು ನಿಂತಿದ್ದರು. ಎರಡು ದಿನದ ಹಿಂದೆ ಬ್ರಿಟಿಷ್ ಸೈನ್ಯ ಜಪಾನಿಗೆ ಶರಣಾಗಿತ್ತು. ಒಬ್ಬ ಬ್ರಿಟಿಷ್ ಅಧಿಕಾರಿ ಬಂದು ಇವರನ್ನೆಲ್ಲ ಜಪಾನಿನವರ ಕೈಗೆ ಒಪ್ಪಿಸಿ ಹೋದ. ಆಮೇಲೆ ಜಪಾನಿನ ಮೇಜರ್ ಫುಜಿವಾರಾ ಮಾತಾಡಿದ, ಅವನ ನಂತರ ಕ್ಯಾಪ್ಟನ್ ಮೋಹನ್ ಸಿಂಗ್. ಇಬ್ಬರ ಮಾತಿನ ತಾತ್ಪರ್ಯ ಒಂದೇ: ಬ್ರಿಟಿಷರ ವಿರುದ್ಧ ಹೋರಾಡೋಕೆ ಹೊಸ ಸೈನ್ಯ ಕಟ್ಟೋಣ, ಬನ್ನಿ. ಅದೇ ಐಎನ್‌ಎ.

ಕೆಲವರು ಸೇರಿದರು, ಕೆಲವರು ಸೇರಲಿಲ್ಲ. ಸೇರದೆ ಉಳಿದವರಲ್ಲಿ ಸಾವಿರಾರು ಜನರನ್ನು ಕೂಲಿ ಕೆಲಸಕ್ಕೆ ಹಡಗಿನಲ್ಲಿ ತುಂಬಿ ನ್ಯೂ ಗಿನಿ, ನ್ಯೂ ಬ್ರಿಟನ್, ಪಲಾವ್ ದ್ವೀಪಗಳಿಗೆ ಸಾಗಿಸಿದರು. ಐಎನ್‌ಎ ಕಥೆ ನಮಗೆಲ್ಲ ಸಿನಿಮಾದಿಂದ, ಪಾಠದಿಂದ ಗೊತ್ತು. ಈ ಎರಡನೇ ಗುಂಪಿನ ಕಥೆ ಗೊತ್ತಿರೋರು ಎಷ್ಟು ಜನ?

ಸಿಂಗಪುರದಲ್ಲಿ ಸೆರೆಯಾದವರಲ್ಲಿ ಮೈಸೂರು ಮಹಾರಾಜರ ಸೈನ್ಯದ ಫಸ್ಟ್ ಮೈಸೂರು ಇನ್‌ಫೆಂಟ್ರಿಯೂ ಇತ್ತು. ನಮ್ಮ ತಾತ, ಅಂದ್ರೆ ಅಮ್ಮನ ಅಪ್ಪ, ಅದರಲ್ಲಿ ಸಿಪಾಯಿ. ಅವರು ಹೊರಟಾಗ ಅಮ್ಮ ಇನ್ನೂ ತೊಟ್ಟಿಲ ಮಗು. ತಾತ ವಾಪಸ್ ಬರಲಿಲ್ಲ. ಫೋಟೋ ಇಲ್ಲ, ಕಾಗದ ಇಲ್ಲ. ಅಮ್ಮನಿಗೆ ಗೊತ್ತಿದ್ದಿದ್ದು ಎರಡೇ ವಿಷಯ: ಅಪ್ಪ ಎತ್ತರ ಇದ್ದರಂತೆ, ಮತ್ತೆ 'ಸಿಂಗಾಪುರದ ಕಡೆ' ಹೋದರಂತೆ.

ಅಜ್ಜಿಗೆ ಪೆನ್ಷನ್ ಬರ್ತಿತ್ತು, ಮನಿಯಾರ್ಡರ್‌ನಲ್ಲಿ. ಪೋಸ್ಟ್‌ಮ್ಯಾನ್ ಬಂದಾಗ ಹೆಬ್ಬೆಟ್ಟು ಒತ್ತಿ ದುಡ್ಡು ತಗೊಳ್ತಿದ್ದಳು. ಆದರೆ ಪಕ್ಷದ ಹಬ್ಬದಲ್ಲಿ ಮನೆಯ ಹಿರಿಯರಿಗೆಲ್ಲ ಎಡೆ ಇಡುವಾಗ ತಾತನ ಹೆಸರಲ್ಲಿ ಇಡೋಕೆ ಕೊನೇವರೆಗೂ ಬಿಡಲಿಲ್ಲ. ಹಣೆಯ ಕುಂಕುಮವನ್ನೂ ತೆಗೀಲಿಲ್ಲ. "ಸರ್ಕಾರದೋರು ದುಡ್ಡು ಕೊಡ್ತಾರೆ ಅಂತ ಅವರು ಸತ್ತಂಗಾಯ್ತಾ?" ಅಂತಿದ್ದಳಂತೆ. ಊರಿನೋರು ಇದಕ್ಕೆ ಏನೇನೋ ಆಡಿಕೊಂಡಿದ್ದಾರೆ, ಅದನ್ನೆಲ್ಲ ಇಲ್ಲಿ ಹೇಳಲ್ಲ.

ಅಜ್ಜಿ ಹೋಗಿ ಎಷ್ಟೋ ವರ್ಷ ಆಯ್ತು. ಅಮ್ಮನಿಗೆ ಎಂಬತ್ತು ದಾಟಿದೆ. ಅವಳಿರುವಾಗಲೇ ಗೊತ್ತಾಗಲಿ ಅಂತ ನಾನು ಹುಡುಕೋಕೆ ಶುರು ಮಾಡಿದೆ. ನಿಮ್ಮ ಮನೆಯಲ್ಲೂ ಇಂಥ ತಾತನೋ ಮುತ್ತಾತನೋ ಇದ್ದರೆ ದಾರಿ ಹೀಗಿದೆ.

ಮೊದಲು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ವೆಬ್‌ಸೈಟ್. ಎರಡೂ ಮಹಾಯುದ್ಧಗಳಲ್ಲಿ ತೀರಿಕೊಂಡ ಸುಮಾರು 17 ಲಕ್ಷ ಜನರ ಹೆಸರು ಅಲ್ಲಿದೆ. ಫೋನ್‌ನಲ್ಲೇ ನೋಡಬಹುದು, ದುಡ್ಡು ಕೊಡಬೇಕಿಲ್ಲ. ಆದರೆ ಹೆಸರು ಟೈಪ್ ಮಾಡಿದ ತಕ್ಷಣ ಸಿಗುತ್ತೆ ಅಂದ್ಕೋಬೇಡಿ. ನಮ್ಮ ಹೆಸರುಗಳನ್ನು ಇಂಗ್ಲಿಷ್‌ನಲ್ಲಿ ಬರೆದುಕೊಂಡ ಗುಮಾಸ್ತನಿಗೆ ಕನ್ನಡ ಬರ್ತಿತ್ತೋ ಇಲ್ವೋ. ಚೆನ್ನಯ್ಯ ಅಲ್ಲಿ ಚಿನ್ನಯ್ಯನೂ ಆಗಿರಬಹುದು, ಚನ್ನಿಯಾನೂ ಆಗಿರಬಹುದು. ಗೌಡ ಅನ್ನೋದು ಒಂದು ಕಡೆ ಇರುತ್ತೆ, ಇನ್ನೊಂದು ಕಡೆ ಹಾರಿ ಹೋಗಿರುತ್ತೆ. ಹಾಗಾಗಿ ಹೆಸರು ಬಿಟ್ಟು ಬೇರೆ ಕಡೆಯಿಂದ ಬನ್ನಿ. ರೆಜಿಮೆಂಟ್ ಹಾಕಿ, ಊರು ಹಾಕಿ, 'ಮೈಸೂರ್' ಅಂತ ಹಾಕಿ ನೋಡಿ. ಎಲ್ಲಕ್ಕಿಂತ ಗಟ್ಟಿ ಆಧಾರ ಅಂದ್ರೆ ಸೈನ್ಯದ ನಂಬರ್.

ನಮಗೆ ಆ ನಂಬರ್ ಸಿಕ್ಕಿದ್ದು ಅಜ್ಜಿಯ ತಗಡಿನ ಪೆಟ್ಟಿಗೆಯಲ್ಲಿ, ನಾಲ್ಕಾಗಿ ಮಡಿಸಿಟ್ಟ ಪೆನ್ಷನ್ ಕಾಗದದಲ್ಲಿ. ಅದನ್ನು ಹಾಕಿದ ಮೇಲೆ ಒಂದೇ ಒಂದು ಸಾಲು ಬಂತು. ಹೆಸರಿನ ಸ್ಪೆಲ್ಲಿಂಗ್ ನಾನು ಊಹಿಸಿದ್ದ ಯಾವುದೂ ಅಲ್ಲ. ಕೆಳಗೆ, ಇಂಥವರ ಮಗ, ಇಂಥವಳ ಗಂಡ, ಇಂಥ ಊರು, ಮೈಸೂರು. 'ಇಂಥವಳ ಗಂಡ' ಅನ್ನೋ ಜಾಗದಲ್ಲಿ ಇದ್ದದ್ದು ಅಜ್ಜಿಯ ಹೆಸರು. ಅಮ್ಮನಿಗೆ ಓದಿ ಹೇಳಿದೆ. ಅವಳು ತಾತನ ವಿಷಯ ಏನೂ ಕೇಳಲಿಲ್ಲ. "ಅವ್ವನ ಹೆಸರು ಅಲ್ಲಿಗಂಟ ಹೋಗಿತ್ತಾ?" ಅಂದಳು, ಅಷ್ಟೇ.

ಆ ಸಾಲಿನಲ್ಲಿ ಒಂದು ದಿನಾಂಕ ಇದೆ, ಸತ್ತ ಜಾಗ ಇಲ್ಲ. ಹೆಸರಿರೋದು ಸಿಂಗಪುರ್ ಮೆಮೋರಿಯಲ್‌ನಲ್ಲಿ. ಕ್ರಾಂಜಿ ಅನ್ನೋ ಕಡೆಯ ಯುದ್ಧ ಸ್ಮಶಾನದಲ್ಲಿದೆ ಅದು, ಕ್ರಾಂಜಿ ಮೆಟ್ರೋ ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಸಮಾಧಿ ಎಲ್ಲಿದೆ ಅಂತ ಗೊತ್ತಿಲ್ಲದ 24 ಸಾವಿರಕ್ಕೂ ಹೆಚ್ಚು ಜನರ ಹೆಸರು ಅಲ್ಲಿನ ಕಂಬಗಳ ಮೇಲಿದೆ.

ಅಷ್ಟು ಜನರ ಲೆಕ್ಕ ತಪ್ಪಿಹೋಗಿದ್ದು ಹೇಗೆ? ಯುದ್ಧಕೈದಿಗಳ ಬಗೆಗಿನ 1929ರ ಜಿನೀವಾ ಒಪ್ಪಂದಕ್ಕೆ ಜಪಾನ್ ಸಹಿ ಹಾಕಿತ್ತು, ಆದರೆ ಅನುಮೋದನೆ ಕೊಡಲಿಲ್ಲ. ಅದರ ಜೊತೆಗೆ ಇನ್ನೊಂದು ತಕರಾರು. ಯುದ್ಧ ಮುಗಿದ ಮೇಲೆ, 1946ರ ಜನವರಿಯಲ್ಲಿ ಸಿಂಗಪುರದಲ್ಲಿ ಬ್ರಿಟಿಷರು ನಡೆಸಿದ ಮೊಟ್ಟಮೊದಲ ಯುದ್ಧಾಪರಾಧ ವಿಚಾರಣೆ ಭಾರತೀಯ ಕೈದಿಗಳದ್ದೇ, ಪಲಾವ್‌ಗೆ ಸಾಗಿಸಿದವರದ್ದು. ಮುಖ್ಯ ಆರೋಪಿ ಕ್ಯಾಪ್ಟನ್ ಗೊಜಾವಾ. ಅವರ ವಾದ ಏನು ಗೊತ್ತಾ? ಈ ಭಾರತೀಯರು ಯುದ್ಧಕೈದಿಗಳೇ ಅಲ್ಲ ಅಂತ! ಕೋರ್ಟ್ ಒಪ್ಪಲಿಲ್ಲ. ಸಿಂಗಪುರದಲ್ಲಿ ನಡೆದ ಈ ವಿಚಾರಣೆಗಳ ವಿವರ ಈಗ ಒಂದು ಪೋರ್ಟಲ್‌ನಲ್ಲಿ ಉಚಿತವಾಗಿ ಸಿಗುತ್ತೆ. ರಾತ್ರಿ ಮಲಗೋ ಮುಂಚೆ ಮಾತ್ರ ಓದಬೇಡಿ.

ಬದುಕಿ ಬಂದು ಬರೆದವರೂ ಇದ್ದಾರೆ, ಅದೂ ನಮ್ಮ ಕರಾವಳಿಯವರು. ಮಂಗಳೂರು ಹತ್ತಿರದ ಕಿನ್ನಿಗೋಳಿಯ ಜಾನ್ ಬ್ಯಾಪ್ಟಿಸ್ಟ್ ಕ್ರಾಸ್ತಾ ಸಿಂಗಪುರದಲ್ಲಿ ಸೆರೆಯಾಗಿ, ಹಡಗಿನಲ್ಲಿ ನ್ಯೂ ಬ್ರಿಟನ್‌ನ ರಬೌಲ್‌ಗೆ ಹೋಗಿ, ಉಳಿದು ಬಂದರು. 1946ರಲ್ಲಿ ನೆನಪುಗಳನ್ನು ಬರೆದಿಟ್ಟರು. ಅದು ಪುಸ್ತಕವಾಗೋಕೆ ಐವತ್ತು ವರ್ಷ ಬೇಕಾಯ್ತು, ಮಗ ರಿಚರ್ಡ್ ಕ್ರಾಸ್ತಾ ಅಚ್ಚು ಹಾಕಿಸಿದರು. 'ಈಟನ್ ಬೈ ದ ಜಪನೀಸ್' ಅಂತ ಹೆಸರು.

ನಿಮ್ಮ ತಾತ ಬದುಕಿ ಬಂದಿದ್ದರೆ ವಾರ್ ಗ್ರೇವ್ಸ್ ಪಟ್ಟಿಯಲ್ಲಿ ಇರಲ್ಲ. ಅವರ ಕಾಗದ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿರಬಹುದು. ಬ್ರಿಟನ್‌ಗೆ ಬರೆದು ಕಾಯಬೇಡಿ, ಸಿಪಾಯಿಗಳ ದಾಖಲೆ ಉಳಿದಿದ್ದು ಭಾರತದಲ್ಲೇ. ಫಸ್ಟ್ ಮೈಸೂರು ಇನ್‌ಫೆಂಟ್ರಿ ಸ್ವಾತಂತ್ರ್ಯದ ನಂತರ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯ್ತು, ಆ ರೆಜಿಮೆಂಟಿನ ಕೇಂದ್ರ ಊಟಿ ಹತ್ತಿರದ ವೆಲ್ಲಿಂಗ್ಟನ್‌ನಲ್ಲಿದೆ. ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆಯಲ್ಲೂ ಕೇಳಿ. ಐಎನ್‌ಎ ಸೇರಿದ್ದರೆ ದೆಹಲಿಯ ರಾಷ್ಟ್ರೀಯ ಪತ್ರಾಗಾರ, ಅದರ 'ಅಭಿಲೇಖ್ ಪಟಲ್' ಪೋರ್ಟಲ್ ನೋಡಿ. 1972ರಲ್ಲಿ ಶುರುವಾದ ಸ್ವಾತಂತ್ರ್ಯ ಯೋಧರ ಪೆನ್ಷನ್‌ಗೆ ಅರ್ಜಿ ಹಾಕಿದ್ದರೆ ಆ ಫೈಲೂ ಒಂದು ದಾರಿ. ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್ ವೆಬ್‌ಸೈಟ್‌ನಲ್ಲಿ ರಬೌಲ್‌ನಲ್ಲಿ ಬಿಡುಗಡೆಯಾದ ಭಾರತೀಯರ ಫೋಟೋಗಳಿವೆ, ಕೆಲವದರ ಕೆಳಗೆ ಹೆಸರೂ ಇದೆ. ನಾನು ಅವನ್ನೆಲ್ಲ ಒಂದೊಂದಾಗಿ ದೊಡ್ಡದು ಮಾಡಿ ನೋಡಿದ್ದೀನಿ, ಎತ್ತರದವರು ಯಾರಾದ್ರೂ ಇದ್ದಾರಾ ಅಂತ. ತಾತ ಬಿಡುಗಡೆಯಾದವರಲ್ಲ ಅಂತ ಗೊತ್ತಿದ್ದೂ.

ಒಂದು ಮಾತು. ಹುಡುಕುವಾಗ ತಾತ ಐಎನ್‌ಎಯಲ್ಲೇ ಇರಲಿ ಅಂತ ಆಸೆ ಆಗುತ್ತೆ. ನನಗೂ ಆಯ್ತು. ಐಎನ್‌ಎ ಅಂದ್ರೆ ವಾಟ್ಸಾಪ್ ಗ್ರೂಪಿನಲ್ಲಿ ಹಾಕಬಹುದು, ಹಾರ ಹಾಕಬಹುದು. ಸೇರಲ್ಲ ಅಂದು ದ್ವೀಪದಲ್ಲಿ ಹಸಿವಿಗೆ ಸತ್ತವನಿಗೆ ಯಾರು ಹಾರ ಹಾಕ್ತಾರೆ? ಬ್ರಿಟಿಷರ ಕಡೆಯವನು ಅಂತ ಒಬ್ಬರು ಅಂತಾರೆ, ಪಾಪ ಅಂತ ಇನ್ನೊಬ್ಬರು. ಆ ಮೈದಾನದಲ್ಲಿ ನಿಂತಿದ್ದವರು ಹೆಚ್ಚಿನವರು ಹಳ್ಳಿ ಹುಡುಗರು. ತಿಂದ ಅನ್ನದ ಋಣ ಒಂದು ಕಡೆ, ದೇಶ ಒಂದು ಕಡೆ, ಊರಲ್ಲಿ ತೊಟ್ಟಿಲು ಒಂದು ಕಡೆ. ಫೋನ್ ಹಿಡ್ಕೊಂಡು ಕೂತು ನಾವು ತೀರ್ಪು ಕೊಡೋದು ಬೇಡ. ತಾತ ಯಾವ ಕಡೆ ಇದ್ದರು ಅಂತ ಆ ಒಂದು ಸಾಲು ಹೇಳಲ್ಲ.

ಹೋದ ವರ್ಷ ಪಕ್ಷದ ಹಬ್ಬದಲ್ಲಿ ಅಮ್ಮ ಮೊದಲ ಸಲ ಅಪ್ಪನಿಗೆ ಎಡೆ ಇಟ್ಟಳು. ಹೊಸ ಪಂಚೆ, ವಡೆ, ಕಜ್ಜಾಯ. ಅಪ್ಪನಿಗೆ ಏನು ಇಷ್ಟ ಅಂತ ಗೊತ್ತಿಲ್ಲವಲ್ಲ, ಅದಕ್ಕೆ ಅಜ್ಜಿಗೆ ಇಷ್ಟ ಆಗ್ತಿದ್ದಿದ್ದನ್ನೇ ಮಾಡಿದ್ದಳು. ಎರಡೂ ಎಲೆ ಅಕ್ಕಪಕ್ಕ.

ವೆಲ್ಲಿಂಗ್ಟನ್‌ಗೆ ಪತ್ರ ಹೋಗಿದೆ, ಉತ್ತರ ಬಂದರೆ ಇನ್ನೊಂದು ಸಂಚಿಕೆಯಲ್ಲಿ ಹೇಳ್ತೀನಿ. ಅಷ್ಟರಲ್ಲಿ ನೀವು ಒಂದು ಕೆಲಸ ಮಾಡಿ. ಈ ವಾರ ಊರಿಗೆ ಹೋದರೆ ಅಜ್ಜಿಯ ಪೆಟ್ಟಿಗೆ ತೆಗೆಸಿ. ಪದಕ, ಪೆನ್ಷನ್ ಪುಸ್ತಕ, ಮನಿಯಾರ್ಡರ್ ಚೀಟಿ, ಏನಿದ್ದರೂ ಫೋಟೋ ತೆಗೀರಿ. ಪದಕದ ಅಂಚು, ಕಾಗದದ ಹಿಂಬದಿ ಬಿಡಬೇಡಿ, ಎಷ್ಟೋ ಸಲ ನಂಬರ್ ಇರೋದು ಅಲ್ಲೇ.