ಅಳುವ ಕೂಸು, ಕಕ್ಕುವ ಹಾಲು
(ಜವಳಗೇರಾದ ಶರಣ ಸಂಗಮದಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ವೈದ್ಯನಲ್ಲ. ಸರಕಾರದಲ್ಲಿ ಎಂಜಿನಿಯರ್ ಆಗಿ ದುಡಿದು ನಿವೃತ್ತನಾದವನು. ಮಗಳ ಬಾಣಂತನದಲ್ಲಿ ನನ್ನ ಮೊಮ್ಮಗಳು ದೀಪ ಹಚ್ಚುವ ಹೊತ್ತಿಗೆ ಅಳು ತೆಗೆದರೆ ರಾತ್ರಿ ಹತ್ತಾದರೂ ನಿಲ್ಲಿಸುತ್ತಿರಲಿಲ್ಲ. ಕುಡಿದ ಹಾಲನ್ನು ಹೆಗಲ ಮೇಲೆ ಕಕ್ಕುತ್ತಿದ್ದಳು. ನೋಡಲು ಬಂದವರಲ್ಲಿ ಒಬ್ಬರು ದೃಷ್ಟಿ ಎಂದರು, ಇನ್ನೊಬ್ಬರು ತಾಯಿಯ ಹಾಲೇ ಸರಿಯಿಲ್ಲ ಎಂದರು, ಮತ್ತೊಬ್ಬರು ಹೊಟ್ಟೆಗೆ ಬರೆ ಹಾಕಿಸಿ ಎಂದರು. ಔಷಧ ಅಂಗಡಿಯೊಂದರಲ್ಲಿ ಆಸಿಡಿಟಿ ಡ್ರಾಪ್ಸ್ ತೆಗೆದಿಟ್ಟರು. ಉಪಾಯ ಹೇಳಿದವರು ಬಹಳ. ಕೂಸಿಗೆ ಏನಾಗುತ್ತಿದೆ ಎಂದು ಕೇಳಿದವರು ಕಡಿಮೆ. ಆ ಪ್ರಶ್ನೆ ಹಿಡಿದು ಮಕ್ಕಳ ವೈದ್ಯರನ್ನು ಕೇಳಿ, ಓದಿ ತಿಳಿದದ್ದನ್ನು ಹೇಳುತ್ತೇನೆ.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಉಣ್ಣುವ ನಮಗೆ ಗೇಟು ಎಂದರೆ ಗೊತ್ತು. ಅನ್ನನಾಳ ಹೊಟ್ಟೆಯನ್ನು ಸೇರುವಲ್ಲಿ ಸ್ನಾಯುವಿನ ಒಂದು ಗೇಟು ಇದೆ. ಅದು ಆಗಾಗ ಸಡಿಲಾಗುವುದು ದೊಡ್ಡವರಲ್ಲೂ ಉಂಟು. ಈಗ ಒಂದು ಲೆಕ್ಕ ಹಾಕಿ. 4 ಕಿಲೋ ತೂಕದ ಕೂಸು ದಿನಕ್ಕೆ ಸುಮಾರು 600 ಮಿ.ಲೀ. ಹಾಲು ಕುಡಿಯುತ್ತದೆ. ಅದೇ ಪ್ರಮಾಣದಲ್ಲಿ 60 ಕಿಲೋ ಮನುಷ್ಯ ಕುಡಿದರೆ 9 ಲೀಟರ್! ಅಷ್ಟು ಕುಡಿದು ದಿನವಿಡೀ ಮಲಗಿದರೆ ನಮಗೂ ಮೇಲೆ ಬಂದೀತು. ಹತ್ತರಲ್ಲಿ ನಾಲ್ಕು ಕೂಸುಗಳಾದರೂ ಹೀಗೆ ಕಕ್ಕುತ್ತವೆ. ಸಾಮಾನ್ಯವಾಗಿ 8 ವಾರದೊಳಗೆ ಶುರುವಾಗಿ, ಅಂಥ ಕೂಸುಗಳ ಪೈಕಿ ನೂರಕ್ಕೆ 90ರಲ್ಲಿ ವರ್ಷ ತುಂಬುವುದರೊಳಗೆ ತಾನೇ ನಿಲ್ಲುತ್ತದೆ.

ಹಾಗಾದರೆ ಅಳು? 1962ರಲ್ಲಿ ಅಮೆರಿಕದ ವೈದ್ಯ ಬ್ರೇಜಲ್ಟನ್ ಅವರು 80 ಕೂಸುಗಳ ಅಳುವಿನ ಲೆಕ್ಕವನ್ನು ತಾಯಂದಿರಿಂದಲೇ ಬರೆಸಿದರು. ಆರನೆಯ ವಾರದ ಹೊತ್ತಿಗೆ ಅಳು ದಿನಕ್ಕೆ ಸುಮಾರು ಎರಡೂಮುಕ್ಕಾಲು ತಾಸಿಗೆ ಏರಿ, ಆಮೇಲೆ ಇಳಿಯಿತು. ಹೆಚ್ಚು ಅಳು ಸಂಜೆಯ ಹೊತ್ತಿನದು. ಅವು ಆರೋಗ್ಯವಂತ ಕೂಸುಗಳು. ಕಕ್ಕುವುದೂ ಅಳುವುದೂ ಒಂದೇ ವಯಸ್ಸಿನಲ್ಲಿ ಬರುವುದರಿಂದ ಒಂದಕ್ಕೆ ಇನ್ನೊಂದು ಕಾರಣ ಎಂದು ಭಾವಿಸುತ್ತೇವೆ. ನಮ್ಮ ಮನೆಯಲ್ಲೂ ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದೆವು. ಕಕ್ಕಿದ ಹೊತ್ತಿಗೂ ಅತ್ತ ಹೊತ್ತಿಗೂ ತಾಳೆಯೇ ಆಗಲಿಲ್ಲ.

ಆಮ್ಲ ತಗ್ಗಿಸುವ ಔಷಧದ ಮಾತು. 2009ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 162 ಕೂಸುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಲ್ಯಾನ್ಸೊಪ್ರಜೋಲ್, ಇನ್ನೊಂದಕ್ಕೆ ಔಷಧವಿಲ್ಲದ ಹುಸಿಮದ್ದು ಕೊಟ್ಟರು. ಎರಡೂ ಗುಂಪಿನಲ್ಲಿ ನೂರಕ್ಕೆ 54 ಕೂಸುಗಳಿಗೆ ಆರಾಮಾಯಿತು. ಅಂದರೆ ವಾಸಿ ಮಾಡಿದ್ದು ಕಾಲ. ಆದ್ದರಿಂದ ವೈದ್ಯರು ನೋಡಿ ಬರೆದುಕೊಡದೆ ಇಂಥ ಡ್ರಾಪ್ಸ್ ಬೇಡ. ವರ್ಷದೊಳಗಿನ ಕೂಸಿಗೆ ಜೇನುತುಪ್ಪವೂ ಬೇಡ. ಬರೆಯಂತೂ ಚಿಕಿತ್ಸೆಯೇ ಅಲ್ಲ. ಅದು ಸುಟ್ಟ ಗಾಯ, ಎಳೆಯ ಮೈಗೆ ನಂಜಿನ ಬಾಗಿಲು.

ಮಾಡಬೇಕಾದದ್ದು ಸರಳ. ಎದೆಹಾಲು ನಿಲ್ಲಿಸಬೇಡಿ. ಹಾಲು ಕುಡಿಸಿದ ಮೇಲೆ 20-30 ನಿಮಿಷ ಹೆಗಲಿಗೆ ನೆಟ್ಟಗೆ ಹಾಕಿಕೊಂಡು ತೇಗು ಬರಿಸಿ. ಬಾಟಲಿ ಹಾಲಾದರೆ ಒಮ್ಮೆಲೇ ತುಂಬಿಸದೆ ಸ್ವಲ್ಪ ಸ್ವಲ್ಪ ಕೊಡಿ. ಮಲಗಿಸುವಾಗ ಅಂಗಾತವೇ ಮಲಗಿಸಿ, ತಲೆಗೆ ದಿಂಬು ಬೇಡ. ನಮ್ಮ ರಾಯಚೂರು ಸೀಮೆಯ ಬೇಸಿಗೆಯಲ್ಲಿ ದಪ್ಪ ಕುಂಚಿಗೆ, ಕೋಣೆಯಲ್ಲಿ ಲೋಬಾನದ ಹೊಗೆ ಕೂಸನ್ನು ಇನ್ನಷ್ಟು ಕಾಡುತ್ತವೆ. ಅಳುವ ಮೊದಲೇ ಎತ್ತಿಕೊಂಡು ಓಡಾಡಿ. 1986ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದ ಅಧ್ಯಯನದಲ್ಲಿ ಹೆಚ್ಚು ಹೊತ್ತು ಎತ್ತಿಕೊಂಡ ಕೂಸುಗಳ ಅಳು ಆರನೆಯ ವಾರದಲ್ಲಿ ನೂರಕ್ಕೆ 43ರಷ್ಟು ಕಡಿಮೆ ಇತ್ತು. ಎಲ್ಲ ಕೂಸಿಗೂ ಇಷ್ಟೇ ಫಲ ಸಿಗುತ್ತದೆ ಎನ್ನಲಾರೆ. ಆದರೆ ಎತ್ತಿಕೊಂಡರೆ ಕೂಸು ಕೆಡುತ್ತದೆ ಎಂಬ ಮಾತು ಬಿಡಿ. ಏನು ಮಾಡಿದರೂ ಅಳು ನಿಲ್ಲದೆ ಸಿಟ್ಟು ಬಂದರೆ ಕೂಸನ್ನು ಭದ್ರವಾಗಿ ಮಲಗಿಸಿ, ಐದು ನಿಮಿಷ ಹೊರಗೆ ಬನ್ನಿ. ಎಂದಿಗೂ ಜೋರಾಗಿ ಅಲುಗಾಡಿಸಬೇಡಿ, ಮಿದುಳಿಗೆ ಪೆಟ್ಟಾಗುತ್ತದೆ.

ಇನ್ನು ತಡಮಾಡಬಾರದ ಲಕ್ಷಣಗಳು. ಹಸಿರು ಬಣ್ಣದ ಅಥವಾ ರಕ್ತ ಬೆರೆತ ವಾಂತಿ, ಪ್ರತಿಸಲ ಕುಡಿದ ಮೇಲೆ ದೂರಕ್ಕೆ ಚಿಮ್ಮುವ ವಾಂತಿ, ಉಬ್ಬಿದ ಹೊಟ್ಟೆ, ಮಲದಲ್ಲಿ ರಕ್ತ, ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಅಥವಾ ಹೆಚ್ಚು ಜ್ವರ, ಹಾಲು ಬಿಟ್ಟು ಮಂಕಾಗುವುದು, ಉಸಿರಿನ ತೊಂದರೆ, ಮೂತ್ರ ಕಡಿಮೆಯಾಗುವುದು. ಇವುಗಳಲ್ಲಿ ಒಂದು ಕಂಡರೂ ದವಾಖಾನೆಗೆ ಹೊರಡಿ, 108ಕ್ಕೆ ಕರೆ ಮಾಡಿ. ಇವಾವುವೂ ಇಲ್ಲದೆ ತೂಕ ಏರುತ್ತಿದ್ದರೆ ಧೈರ್ಯವಾಗಿರಿ. ಮೊದಲ ಮೂರು ತಿಂಗಳು ದಿನಕ್ಕೆ 20-30 ಗ್ರಾಂ ಏರಿಕೆ ಒಳ್ಳೆಯ ಗುರುತು. ಏರದಿದ್ದರೆ ವೈದ್ಯರಿಗೆ ತೋರಿಸಿ. ದವಾಖಾನೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬರಬೇಕು. 42ನೆಯ ದಿನವೆಂದರೆ ಅದೇ ಆರನೆಯ ವಾರ, ಅಳು ಏರಿದ ಹೊತ್ತು. ಅಂದು ತಪ್ಪದೆ ತೂಕ ಮಾಡಿಸಿ, ಕೇಳುವುದನ್ನೆಲ್ಲ ಕೇಳಿ.

ಕೊನೆಯ ಮಾತು ಗಂಡಸರಿಗೆ. ಕೂಸು ಅತ್ತಾಗ ಮೊದಲ ದೂರು ಬಾಣಂತಿಯ ಮೇಲೆ: ಏನು ತಿಂದೆ, ಎಲ್ಲಿ ಹೋಗಿದ್ದೆ, ನಿನ್ನ ಹಾಲು ಹೇಗಿದೆ. ಮೂರು ರಾತ್ರಿ ನಿದ್ದೆಗೆಟ್ಟ ಮಗಳು ಅದನ್ನು ನಂಬಿ, ಎದೆಹಾಲು ಬಿಡಿಸುತ್ತಾಳೆ, ಒಳಗೊಳಗೇ ಕುಗ್ಗುತ್ತಾಳೆ. 12ನೆಯ ಶತಮಾನದಲ್ಲೇ ಶರಣರು ಜನನಸೂತಕ ಸೇರಿ ಐದೂ ಸೂತಕಗಳನ್ನು ತಳ್ಳಿಹಾಕಿದರು. ಬಾಣಂತಿ ಕೋಣೆಗೆ ಗಂಡಸರು ಕಾಲಿಡಬಾರದೆಂಬ ನೆಪ ನಮಗೆ ಉಳಿದಿಲ್ಲ. ಸಂಜೆ ಏಳರಿಂದ ಒಂಬತ್ತರವರೆಗೆ ಕೂಸು ಅಪ್ಪನ ಹೆಗಲ ಮೇಲಿರಲಿ, ಅಜ್ಜನ ಹೆಗಲ ಮೇಲಿರಲಿ. ಆ ಎರಡು ತಾಸು ತಾಯಿ ಉಂಡು ಮಲಗಲಿ. ಹೆಗಲ ಮೇಲೊಂದು ಹಳೆಯ ಟವೆಲ್ ಇಟ್ಟುಕೊಂಡರೆ ಸಾಕು, ಅಂಗಿ ಉಳಿಯುತ್ತದೆ.